ಹಗ್ಗದ ಮೊದಲ ತುದಿ

ಏಳನೆಯ ಲೋಟ ತೊಳೆಯುತ್ತಿದ್ದಾಗ ಅಡುಗೆಯಾಕೆ ಬಂದು ಟೀಚರಮ್ಮನ ಮಗಳ ಕೈ ಹಿಡಿದಳು.

"ಇವತ್ತು ಮಕ್ಕಳಿಗೆ ಹಾಲಿಲ್ಲ ಕಣೇ. ಬಿಡು."

ಮಗಳು ನಲ್ಲಿ ನಿಲ್ಲಿಸಿದಳು. ಗಿರಣಿ ಕೆಲಸಕ್ಕೆ ಹೊರಡುವ ಮುಂಚೆ ಅಮ್ಮನ ಪುಟ್ಟ ಶಾಲೆಯ ಹತ್ತೊಂಬತ್ತು ಲೋಟ ತೊಳೆದಿಡುವುದು ದಿನದ ಕೆಲಸ. ಕೈಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ನಿನ್ನೆ ಮಧ್ಯಾಹ್ನ ಮಕ್ಕಳನ್ನು ಮನೆ ಮುಟ್ಟಿಸಿ ಬಂದು ಮಲಗಿದ ಅಮ್ಮ ಮತ್ತೆ ಏಳಲೇ ಇಲ್ಲ. ಮುಂದಿನ ಕೋಣೆಯಲ್ಲಿ ಗಿಡ್ಡ ಬೆಂಚುಗಳನ್ನು ಗೋಡೆಗೆ ಸರಿಸಿ ಅವಳನ್ನು ಮಲಗಿಸಿದ್ದರು.

"ಶಾಸಕರು ಬರ್ತಾರಂತೆ" ಎಂದ ಬಾಗಿಲಲ್ಲಿ ನಿಂತಿದ್ದ ಅಂಚೆಯವನು.

"ಬರ್ಲಿ" ಎಂದಳು ಅಡುಗೆಯಾಕೆ. "ಟೀಚರಮ್ಮ ಹನ್ನೊಂದು ಸಲ ಅವರ ಹತ್ರ ಹೋಗಿದ್ರು. ಇನ್ನೊಬ್ಬ ಟೀಚರ್‌ನ ಕೊಡದೇ ಇದ್ರೆ ನಾಳೆಯಿಂದ ಈ ಬಾಗಿಲು ಮುಚ್ಚಿದ ಹಾಗೇ."

ಅವಳ ಸೆರಗು ಹಿಡಿದಿದ್ದ ನಾಲ್ಕು ವರ್ಷದ ಮೊಮ್ಮಗಳು ತಲೆಯೆತ್ತಿದಳು. "ಅಜ್ಜಿ, ಮತ್ತೆ..."

"ಶ್! ಈಗಲ್ಲ."

*

ಕಾಲುವೆಯಾಚೆಯ ಮನೆಗಳಿಂದ ಟೀಚರಮ್ಮ ಮಕ್ಕಳನ್ನು ಹಗ್ಗ ಹಿಡಿಸಿ ಕರೆತರುತ್ತಿದ್ದಳು. ಗಂಟಿಗೊಂದು ಮಗು. ಮೊದಲ ತುದಿ ಅವಳ ಕೈಯಲ್ಲಿ.

ಹನ್ನೊಂದನೆಯ ಸಲ ಶಾಸಕರ ಸಮಿತಿಯೆದುರು ಅರ್ಜಿಯ ಜೊತೆ ಆ ಹಗ್ಗವನ್ನೂ ಮೇಜಿನ ಮೇಲಿಟ್ಟಳು.

"ಇದೇನಮ್ಮ?" ಎಂದರು ಶಾಸಕರು.

"ನಮ್ಮ ಹಾಜರಿ ಸಾರ್. ಇಪ್ಪತ್ತು ಗಂಟು, ಹತ್ತೊಂಬತ್ತು ಮಕ್ಕಳು."

"ಇನ್ನೊಂದು?"

"ನಾನು ಜ್ವರ ಬಂದು ಮಲಗಿದ ದಿನ ಆ ಗಂಟಿನ ಹುಡುಗ ಒಬ್ಬನೇ ಹೊರಟುಬಿಟ್ಟ. ಕಾಲುವೆಗೆ..." ಅವಳು ಆ ಗಂಟನ್ನು ಸವರಿದಳು. "ಬಿಚ್ಚೋಕೆ ಕೈ ಬರಲಿಲ್ಲ ಸಾರ್. ನನ್ನೊಬ್ಬಳಿಂದ ಆಗಲ್ಲ. ಇನ್ನೊಬ್ಬ ಟೀಚರ್‌ನ ಕೊಡಿ."

"ಮುಂದಿನ ವರ್ಷ ಖಂಡಿತ ನೋಡೋಣ."

"ನೀವು ಮುಂದಿನ ವರ್ಷ ಅಂತ ಅಂತಾನೇ ನನ್ನ ಮೊದಲ ಮಕ್ಕಳಿಗೆ ಮೀಸೆ ಬಂತಲ್ಲ ಸಾರ್!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು, ಆ ಒಂದು ಗಂಟನ್ನು ಹಿಡಿದೇ ಕೂತಿದ್ದಳು.

*

ಮಧ್ಯಾಹ್ನ ಶಾಸಕರು ಬಂದರು. ಹೂವಿಟ್ಟು ಕೈ ಮುಗಿದರು.

"ಇಂಥವರು ಮತ್ತೆ ಹುಟ್ಟಲ್ಲಮ್ಮ."

"ಹುಟ್ಟೋದೇನೂ ಬೇಡ, ನೇಮಿಸಿದ್ರೆ ಸಾಕಿತ್ತು" ಎಂದು ಅಡುಗೆಯಾಕೆ ಗೊಣಗಿದಳು. ಮಗಳು ಅವಳ ಭುಜ ಒತ್ತಿದಳು. ಶಾಸಕರು ಕೇಳಿಸದವರಂತೆ ಕನ್ನಡಕ ಒರೆಸಿಕೊಂಡರು.

ದೇಹವನ್ನು ಎತ್ತಿದಾಗ ಅಂಗಳದಲ್ಲಿದ್ದ ಮಕ್ಕಳು ಯಾರೂ ಹೇಳದೆ ಗೋಡೆಯ ಮೊಳೆಯಿಂದ ಹಗ್ಗ ತೆಗೆದು ಸಾಲಾಗಿ ನಿಂತರು. ತಂತಮ್ಮ ಗಂಟು ಹಿಡಿದರು. ನಡುವಿನ ಆ ಒಂದನ್ನು ಎಂದಿನಂತೆ ಬಿಟ್ಟರು. ಮೆರವಣಿಗೆ ಹೊರಟಿತು. ಹಗ್ಗದ ಮೊದಲ ತುದಿ ಅಂಗಳ ದಾಟಿ ಮಣ್ಣಿನಲ್ಲಿ ತೆವಳುತ್ತ ಹೋಗುತ್ತಿತ್ತು.

ಮೊದಲ ಗಂಟಿನಲ್ಲಿದ್ದ ಅಡುಗೆಯಾಕೆಯ ಮೊಮ್ಮಗಳು ನಿಂತಳು. ಅವಳ ಹಿಂದೆ ಇಡೀ ಸಾಲು ನಿಂತಿತು. ಬಗ್ಗಿ, ತುದಿಯನ್ನು ಹೆಕ್ಕಿ, ಲಂಗಕ್ಕೆ ಮಣ್ಣು ಒರೆಸಿ, ಪಕ್ಕದಲ್ಲಿದ್ದ ಶಾಸಕರತ್ತ ಚಾಚಿದಳು.

"ನಾಳೆ ಇದನ್ನ ಯಾರು ಹಿಡ್ಕೋತಾರೆ?"