ಬಾಗಿಲಿಗೆ ತೂಗಿದ ಲೋಳೆಸರ

ಡಬ್ಬಿ ಒಡೆದದ್ದು ಮಟಮಟ ಮಧ್ಯಾಹ್ನ. ಢಂ ಅಂತೇನೂ ಸದ್ದಾಗಲಿಲ್ಲ. ತುಕ್ಕು ತಿಂದು ತಿಂದು ಹಾಳೆಯಷ್ಟು ತೆಳ್ಳಗಾಗಿದ್ದ ಹಳೇ ಡಾಲ್ಡಾ ಡಬ್ಬಿಯ ಪಕ್ಕೆ ತಾನಾಗಿಯೇ ಬಿರಿದು, ಒಳಗಿದ್ದ ಲೋಳೆಸರದ ಬೇರು ಹೊರಗೆ ಇಣುಕಿತು, ಅಷ್ಟೆ. ಅಷ್ಟಕ್ಕೇ ಭಾಗಮ್ಮನ ಎದೆ ಧಸಕ್ಕೆಂದಿತು. ಅವಳ ಅತ್ತೆ ಗುರುಲಿಂಗಮ್ಮ ದಿನಾ ಬೆಳಿಗ್ಗೆ ಆ ಎಲೆಗಳನ್ನು ತಡವುತ್ತ ಒಂದು ಮಾತು ಹೇಳುತ್ತಿದ್ದಳು: "ಇದು ಇರೂ ತನಕ ನಾ ಇರ್ತೀನಿ. ಇದು ಹೋದ ದಿನ ನಂದೂ ಮುಗೀತು ಅಂತ ತಿಳಕೋರಿ."

ಮುದುಕಿಯ ಮಾತು, ಬಿಡ್ರಿ ಅಂತ ನೀವು ಅಂದೀರಿ. ಭಾಗಮ್ಮನ ಗಂಡ ಗೊಲ್ಲಾಳಪ್ಪನೂ ಹಾಗೇ ಅನ್ನುತ್ತಿದ್ದ. ಆತನಿಗೇನು, ಬೆಳಗಾದರೆ ಶಹಾಬಾದಿನ ಕಲ್ಲಿನ ಖಣಿ, ಸಂಜೆಯಾದರೆ ಮೈತುಂಬ ಹೊತ್ತು ತಂದ ಬಿಳೀ ಧೂಳನ್ನು ಹೊಸ್ತಿಲಲ್ಲಿ ಕೊಡವುವುದು. ಭಾಗಮ್ಮ ಮಾತ್ರ ಆ ಮಾತನ್ನು ಪೂರಾ ನಂಬಿದ್ದಳು. ಹೆತ್ತ ತಾಯಿಯ ಮುಖ ಕಂಡವಳಲ್ಲ ಅವಳು. ಮದುವೆಯಾಗಿ ಬಂದ ಮೇಲೆ ಜಡೆ ಹೆಣೆದು, ಜ್ವರ ಬಂದರೆ ಹಣೆಗೆ ಒದ್ದೆಬಟ್ಟೆ ಹಾಕಿ, "ಉಂಡ್ಯೇನವ್ವ?" ಅಂತ ಕೇಳಿದ ಮೊದಲ ಹೆಂಗಸು ಗುರುಲಿಂಗಮ್ಮ. ಇಷ್ಟು ತಡವಾಗಿ ಸಿಕ್ಕ ತಾಯಿಯನ್ನು ಕಳಕೊಳ್ಳುವುದೆಂದರೆ ಅವಳಿಗೆ ಜೀವ ಹೋಗುವಷ್ಟು ಭಯ.

ಹೋದ ವರ್ಷ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ಹೊಸತರಲ್ಲಿ, ಗುರುಲಿಂಗಮ್ಮ ಬಚ್ಚಲಲ್ಲಿ ಕಾಲು ಜಾರಿ ಬಿದ್ದಿದ್ದಳು. ಮೊದಲೇ ಎರಡೂ ಕಣ್ಣಿಗೆ ಪರೆ ಬಂದಿತ್ತು. ಕೈಕಾಲು ಮುರಿಯಲಿಲ್ಲ, ಪುಣ್ಯ. ಅವತ್ತಿನಿಂದ ಮಾತ್ರ ಮುದುಕಿಗೆ ಮಂಚವೇ ಮನೆಯಾಯಿತು. ಏಳಹೋದರೆ "ಅತ್ತಿ, ಏಳಬ್ಯಾಡ್ರಿ", ಕಾಲು ಕೆಳಗಿಟ್ಟರೆ "ಅತ್ತಿ, ನಾ ಇದ್ದೀನಲ್ರಿ." ಗಳಿಗೆಗೊಮ್ಮೆ ಹಾಲು, ಗಂಜಿ, ತುಪ್ಪ ಸುರಿದ ಸಜ್ಜಕ. ತಿಂದು ಮಲಗಿ, ಮಲಗಿ ತಿಂದು ಗುರುಲಿಂಗಮ್ಮನ ಪಾದಗಳು ಊದಿಕೊಂಡವು, ದನಿ ಮೆತ್ತಗಾಯಿತು. ಹಗಲೆಲ್ಲ ಅರೆನಿದ್ದೆ. ಆ ನಿದ್ದೆಯಲ್ಲೇ ತವರೂರು ಮಳಖೇಡಕ್ಕೆ ಹೋಗಿ, ಹಾಳು ಕೋಟೆಯ ಗೋಡೆ ಹತ್ತಿ, ಕಾಗಿಣಾ ಹೊಳೆಯ ನೀರು ನೋಡಿ ಬರುತ್ತಿದ್ದಳು. ಆ ಕೋಟೆಯ ಕಲ್ಲುಸಂದಿಯಿಂದಲೇ ಮದುವೆಯ ವರ್ಷ ಈ ಗಿಡದ ಮರಿಯನ್ನು ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ಅದನ್ನು ಊರಿಗೆಲ್ಲ ಹೇಳಿದ್ದಳು.

ಇಂಥ ಗಿಡದ ಡಬ್ಬಿ ಒಡೆದರೆ ಭಾಗಮ್ಮ ಸುಮ್ಮನೆ ಕೂತಾಳೇ? ದೊಡ್ಡದೊಂದು ಮಣ್ಣಿನ ಕುಂಡ ತಂದಳು. ಚಿತ್ತಾಪುರ ಕಡೆಯ ತನ್ನ ತವರಿಗೆ ಹೇಳಿ ಕಳಿಸಿ, ಅಣ್ಣ ಸೂರ್ಯಕಾಂತನ ಕೈಲಿ ಒಂದು ಚೀಲ ಎರೆಮಣ್ಣು ತರಿಸಿದಳು. ಅಬ್ಬಾ, ಏನು ಮಣ್ಣು! ಕರ್ರಗೆ, ನುಣ್ಣಗೆ, ಹಿಡಿದರೆ ಬೆರಳಿಗೆ ಅಂಟುವಂಥದ್ದು. ಆಳೆತ್ತರ ತೊಗರಿ ಬೆಳೆಯುವ ಮಣ್ಣು. ಡಬ್ಬಿಯಲ್ಲಿದ್ದದ್ದೋ ಬರೀ ಗರಸು, ಕಲ್ಲಿನ ಚೂರು, ಇಟ್ಟಿಗೆ ಪುಡಿ. "ಇಷ್ಟು ವರ್ಷ ನಿನಗ ಉಪಾಸ ಕೆಡವ್ಯಾರಲ್ಲೋ ನನ್ನಪ್ಪ," ಅಂತ ಗಿಡಕ್ಕೆ ಹೇಳಿ, ಬೇರಿಗೆ ಅಂಟಿದ ಚೂರುಗಳನ್ನೆಲ್ಲ ತೊಳೆದು, ಎರೆಮಣ್ಣಿನಲ್ಲಿ ಕುತ್ತಿಗೆ ಮಟ್ಟ ಹೂತಳು. ಕೊಡದಿಂದ ನೀರು ಸುರಿದಳು. ಸಂಜೆ ಮತ್ತೆ ಸುರಿದಳು.

ಮಂಚದ ಮೇಲಿಂದ ಅತ್ತೆ ಕೇಳಿದಳು. "ಭಾಗವ್ವ, ನನ್ನ ಗಿಡ ಎಲ್ಲಿ?"

"ಹೊಸ ಕುಂಡದಾಗ ಹಚ್ಚೀನ್ರಿ ಅತ್ತಿ. ಬೇರು ಹಿಡೀಲಿ, ಆಮ್ಯಾಲ ನಿಮ್ಮ ಕೈಗೆ ಕೊಡ್ತೀನಿ."

ಒಂದು ವಾರ ಎಲೆಗಳು ಕೊಬ್ಬಿದ ಹಾಗೆ ಕಂಡವು. ಭಾಗಮ್ಮ ಹಿಗ್ಗಿದಳು. ಆಮೇಲೆ ಬುಡದ ಎಲೆಯೊಂದು ಪಾರದರ್ಶಕವಾಗಿ, ಬೇಯಿಸಿದ ಬದನೆಕಾಯಿಯ ಹಾಗೆ ಜೋತುಬಿತ್ತು. ಮರುದಿನ ಇನ್ನೊಂದು. ಗಿಡಕ್ಕೆ ಬಾಯಾರಿಕೆ ಅಂದುಕೊಂಡು ಪುಣ್ಯಾತ್ಗಿತ್ತಿ ಇನ್ನೂ ನೀರು ಹಾಕಿದಳು.

ಆ ಮಧ್ಯಾಹ್ನ ಕುಂಡದ ಪಕ್ಕದಲ್ಲೇ ಅವಳಿಗೆ ಜೊಂಪು ಹತ್ತಿತು. ದೂರದಲ್ಲಿ ಕಲ್ಲು ಪಾಲಿಶ್ ಮಾಡುವ ಮಶೀನಿನ ಗುಂಯ್ ಸದ್ದು. ಕನಸಿನಲ್ಲಿ ಲೋಳೆಸರದ ಬೇರು ಕುಂಡ ದಾಟಿ, ನೆಲಕ್ಕೆ ಹಾಸಿದ ಫರ್ಸಿಕಲ್ಲುಗಳ ಕೆಳಗೆ ಹರಿದು, ಒಂದೊಂದೇ ಕಲ್ಲನ್ನು ಮೆಲ್ಲಗೆ ಎತ್ತುತ್ತಿತ್ತು. ಎತ್ತಿದ ಕಲ್ಲಿನ ಕೆಳಗೆಲ್ಲ ಕಾಗಿಣಾದ ನೀರು. ಮನೆಯ ನಡುವೆ ಮಂಚ ತೇಲುತ್ತಿತ್ತು. ಮಂಚದ ಮೇಲೆ ಹಸಿರು ಸೀರೆಯ ಮದುಮಗಳೊಬ್ಬಳು ಸೆರಗಿನಲ್ಲಿ ಏನನ್ನೋ ಮುಚ್ಚಿಟ್ಟುಕೊಂಡು ಕೂತು, ದಂಡೆಯ ಮೇಲಿನ ಭಾಗಮ್ಮನಿಗೆ "ಸಾಕವ್ವ, ನೀರು ಸಾಕು" ಅನ್ನುತ್ತಿದ್ದಳು. ಭಾಗಮ್ಮ ಕೈ ಚಾಚಿದಷ್ಟೂ ಮಂಚ ದೂರ ಸರಿಯಿತು. ಎಚ್ಚರವಾದಾಗ ಅವಳ ಕೆನ್ನೆ ಒದ್ದೆಯಾಗಿತ್ತು.

ಪಕ್ಕದ ಮನೆಯ ಬಿಬಿಜಾನ್ ಕುಂಡದೊಳಗೆ ಬೆರಳಿಟ್ಟು ಮೂಸಿ ಮುಖ ಕಿವಿಚಿದಳು. "ಕೊಳೀಲಿಕತ್ತದ ಭಾಗಮ್ಮ. ಫಿಕರ್ ಮಾಡಬ್ಯಾಡ, ನಮ್ಮನ್ಯಾಗ ಒಂದು ಅದ. ಅದನ್ನೇ ನಿಮ್ಮ ಅತ್ತಿ ಕೈಗೆ ಕೊಡು. ಕಣ್ಣು ಕಾಣಂಗಿಲ್ಲ, ಏನು ತಿಳೀತದ?"

ತಪ್ಪು ಅಂತ ಗೊತ್ತಿದ್ದೂ ಭಾಗಮ್ಮ ಒಪ್ಪಿದಳು. ಬಿಬಿಜಾನಳ ಗಿಡವನ್ನು ಮಂಚದ ಬಳಿ ಇಟ್ಟಳು. ಗುರುಲಿಂಗಮ್ಮ ಎಲೆಯೊಂದರ ಮೇಲೆ ಬೆರಳಾಡಿಸಿದಳು, ಅಂಚಿನ ಮುಳ್ಳುಗಳನ್ನು ಮುಟ್ಟಿದಳು, ಕೈ ಹಿಂದಕ್ಕೆ ತಗೊಂಡಳು.

"ಛಲೋ ಅದ. ಖರೇ ನಂದಲ್ಲ ಇದು. ನಂದು ಸತ್ತತೇನು?"

ಭಾಗಮ್ಮ ಮಂಚದ ಕಾಲಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. "ಸಾಯಾಕತ್ತದ್ರಿ ಅತ್ತಿ. ನಾನೇ ಕೊಂದೆ. ನಮ್ಮ ತವರಿನ ಎರಿಮಣ್ಣು ಹಾಕಿದೆ, ದಿನಾ ನೀರು ಹಾಕಿದೆ. ಏನು ಕಡಿಮಿ ಮಾಡೀನ್ರಿ ನಾ ಅದಕ್ಕ?"

ಮುದುಕಿ ಬೈಯುತ್ತಾಳೆ ಅಂದುಕೊಂಡರೆ ಕಿಸಕ್ಕನೆ ನಕ್ಕಳು. ಎಷ್ಟು ತಿಂಗಳಾಗಿತ್ತೋ ಆ ನಗು ಕೇಳಿ! "ಹುಚ್ಚಿ, ಕೋಟಿ ಗ್ವಾಡ್ಯಾಗ ಬೆಳದದ್ದಕ್ಕ ಎರಿ ಹಾಕ್ತಾರೇನ? ಅಳೂದು ಬಿಡು. ಅದನ್ನ ಕಿತ್ತು ತಾ ಇಲ್ಲಿ. ಈಳಿಗಿನೂ ತಾ."

ಭಾಗಮ್ಮ ಕಿತ್ತು ತಂದಳು. ಬೇರೆಲ್ಲ ಕರಗಿ ನಾರುತ್ತಿತ್ತು. ಅತ್ತೆ ಬೆರಳಿನಿಂದ ಒತ್ತಿ ಒತ್ತಿ ನೋಡಿ, ಗಟ್ಟಿ ಸಿಕ್ಕಲ್ಲಿ ನಿಲ್ಲಿಸಿದಳು. "ಇಲ್ಲಿಗೆ ಕೊಯ್ಯಿ. ಹೆದರಬ್ಯಾಡ." ನಡುವಿನ ನಾಲ್ಕಾರು ಎಲೆಗಳ ಗೊಂಚಲು ಮಾತ್ರ ಉಳಿಯಿತು. "ಇನ್ನ ಇದಕ್ಕ ದಾರ ಕಟ್ಟಿ ತಲಿಬಾಗಿಲಿಗೆ ಉಲ್ಟಾ ತೂಗಹಾಕು."

ಕೆಟ್ಟ ಕಣ್ಣಿನ ನೆದರು ತಾಗದಿರಲಿ ಅಂತ ಮನೆಬಾಗಿಲಿಗೆ ಲೋಳೆಸರ ತೂಗಹಾಕುವುದು ಊರಲ್ಲೆಲ್ಲ ಇದ್ದದ್ದೇ. ಆದರೆ ಜೀವ ಉಳಿಸುವುದಕ್ಕೆ?

"ಮಣ್ಣು ಬ್ಯಾಡೇನ್ರಿ?"

"ಬ್ಯಾಡ."

"ನೀರು?"

"ಅದೂ ಬ್ಯಾಡ. ದಿನಕ್ಕ ಹತ್ತು ಸಲ ಮುಟ್ಟಿ ನೋಡೂದೂ ಬ್ಯಾಡ. ಗಾಳಿ ಕುಡಕೋತ ಇರ್ತದ." ಗುರುಲಿಂಗಮ್ಮ ಊದಿದ ಪಾದಗಳನ್ನು ಮಂಚದಿಂದ ಕೆಳಗಿಟ್ಟಳು. "ನನ್ನನ್ನೂ ಆ ಬಾಗಿಲಿಗೆ ಬಿಡವ್ವ. ಈ ಮಂಚದಾಗ ನಾನೂ ಕೊಳೀಲಿಕತ್ತೀನಿ."

ಅತ್ತೆಯ ರಟ್ಟೆ ಹಿಡಿಯಲು ಹೋದ ಭಾಗಮ್ಮನ ಕೈ ಅರ್ಧದಲ್ಲೇ ನಿಂತಿತು. ಗುರುಲಿಂಗಮ್ಮ ಗೋಡೆ ಹಿಡಿದು, ಒಂದೊಂದೇ ಫರ್ಸಿಯನ್ನು ಕಾಲಬೆರಳಿನಿಂದ ಗುರುತು ಹಚ್ಚುತ್ತ, ಹೊಸ್ತಿಲು ಮುಟ್ಟಿ, ಕಟ್ಟೆಯ ಮೇಲೆ ಉಸ್ಸೆಂದು ಕೂತಳು. ಬಿಸಿಲಿಗೆ ಮುಖವೊಡ್ಡಿದಳು.

ಗಿಡ ಬಾಗಿಲಲ್ಲಿ ತೂಗಿತು. ದಿನದಿನಕ್ಕೆ ಸೊರಗಿತು, ಎಲೆಯ ತುದಿ ಕೆಂಪಾಗಿ ಮುದುಡಿತು. ನೀರಿನ ಚೊಂಬು ಹಿಡಿದು ಎಷ್ಟೋ ಸಲ ಭಾಗಮ್ಮ ಅದರ ಕೆಳಗೆ ನಿಂತಳು, ತುಟಿ ಕಚ್ಚಿ ಹಿಂದೆ ಬಂದಳು. ಕಟ್ಟೆಯ ಮೇಲಿನ ಅತ್ತೆಯ ಮೈಯೂ ಇಳಿದಿತ್ತು. ಆದರೆ ಪಾದದ ಬಾವು ಹೋಗಿತ್ತು, ಹಾದಿಹೋಕರನ್ನೆಲ್ಲ ಹೆಜ್ಜೆ ಸಪ್ಪಳದಿಂದ ಗುರುತಿಸಿ ಕರೆದು ಮಾತಾಡಿಸುವಷ್ಟು ದನಿ ಬಂದಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಭಾಗಮ್ಮ ಕಣ್ಣೆತ್ತಿದರೆ, ತಲೆಕೆಳಗಾಗಿ ತೂಗುತ್ತಿದ್ದ ಗಿಡದ ನಡುವಿನ ಎಲೆ ಮೆಲ್ಲಗೆ ಬಾಗಿ, ಕೊಕ್ಕೆಯ ಹಾಗೆ ಆಕಾಶದ ಕಡೆ ತಿರುಗಿತ್ತು. ಎಳೇ ಹಸಿರು. ಕುಣಿದಾಡುವಷ್ಟು ಖುಷಿಯಾಯಿತು ಅವಳಿಗೆ.

"ಅತ್ತಿ! ತಿರುಗ್ಯಾದ್ರಿ! ಮ್ಯಾಲ ನೋಡಾಕತ್ತದ!"

ಕಟ್ಟೆ ಖಾಲಿ. ಒಳಗೆ ಓಡಿದಳು, ಮಂಚವೂ ಖಾಲಿ. ಬೀದಿಬಾಗಿಲಿಗೆ ಬಂದರೆ, ಬೆಳಗಿನ ಬಿಳೀ ಧೂಳಿನ ನಡುವೆ ಗುರುಲಿಂಗಮ್ಮ ಒಬ್ಬಳೇ, ಓಣಿಯ ಗೋಡೆಗೆ ಕೈ ಹಚ್ಚಿ, ಬಿಬಿಜಾನಳ ಬಾಗಿಲ ಕಡೆ ನಡೆದಿದ್ದಳು. ನಡುವೆ ಗಟಾರದ ಮೇಲಿನ ಹಾಸುಗಲ್ಲು ಇತ್ತು. ಭಾಗಮ್ಮನ ಕಾಲು ತಾನಾಗಿ ಮುಂದಾಯಿತು. ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಕೊಂಡು ನಿಂತಳು. ಮುದುಕಿಯ ಪಾದ ಕಲ್ಲನ್ನು ತಡವಿತು, ಅನುಮಾನಿಸಿತು, ಊರಿತು, ದಾಟಿತು.

ಆಚೆ ಹೋಗಿ ನಿಂತು, ಹಿಂದೆ ತಿರುಗದೆಯೇ ಗುರುಲಿಂಗಮ್ಮ ಕೂಗಿ ಹೇಳಿದಳು:

"ಬಾಗಿಲದಾಗ ನಿಂತಿದ್ದೀ ಅಂತ ಗೊತ್ತದ ನನಗ. ಹೋಗು, ಚಾ ಇಡು ಹೋಗು. ಹೊಳ್ಳಿ ಬರ್ತೀನಿ."

ಭಾಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತೂಗುತ್ತಿದ್ದ ಗಿಡವನ್ನು ಮುಟ್ಟದೆ, ಅದರ ಕೆಳಗಿನಿಂದಲೇ ಒಳಗೆ ಹೋಗಿ ಒಲೆ ಹೊತ್ತಿಸಿದಳು.