ಕಿರ್ಸ್ಟೆನ್ ಹೇಳಿದ ಮಾತು

“ಇವರು ಏನು ಕೇಳುತ್ತಿದ್ದಾರೆ?” ಎಂದಳು ಕಿರ್ಸ್ಟೆನ್, ನಗುತ್ತಲೇ.

ಶಿವಯೋಗಿ ಎದುರಿಗಿದ್ದವರ ಕಡೆ ನೋಡಿದ. ರಬಕವಿಯ ನೇಕಾರ ರಾಮಲಿಂಗಪ್ಪನ ಮನೆಯ ಪಡಸಾಲೆಯಲ್ಲಿ ಐದಾರು ಹುಡುಗರು ಮೊಬೈಲು ಎತ್ತಿ ಹಿಡಿದು ನಿಂತಿದ್ದರು. ಕಿರ್ಸ್ಟೆನ್ ಕೈಮಗ್ಗದ ಮುಂದೆ ಕೂತಿದ್ದಳು. ಡೆನ್ಮಾರ್ಕಿನವಳು, ಅರವತ್ತು ದಾಟಿದ ನಿವೃತ್ತ ಶಿಕ್ಷಕಿ. ರಾಮಲಿಂಗಪ್ಪನ ಹೆಂಡತಿ ಮುತ್ತವ್ವ ಆಗಷ್ಟೇ ಅವಳಿಗೆ ಸೀರೆ ಉಡಿಸಿ, ಪಕ್ಕದಲ್ಲೇ ಕೂತು ಅವಳ ಕೈ ಹಿಡಿದುಕೊಂಡಿದ್ದಳು.

ಹುಡುಗರ ಮುಂದಾಳು ಸೋಮಲಿಂಗ. ಶಿವಯೋಗಿ ಹಿಂದೆ ಮುಧೋಳದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಅವನ ವಿದ್ಯಾರ್ಥಿ. ಬಂದವನೇ ಗುರುಗಳ ಕಾಲು ಮುಟ್ಟಿ ನಮಸ್ಕರಿಸಿದ್ದ.

“ಸರ, ಅವ್ರ ಪೇಪರಿನ್ಯಾಗ ನಮ್ಮ ದೇಶದ ಬಗ್ಗೆ ಎಷ್ಟ ಕೆಟ್ಟ ಬರದಾರ ನೋಡ್ರಿ. ಹೊರದೇಶದಾವ್ರನ್ನ ಇಲ್ಲಿ ತರುಬಿ ಘೋಷಣಾ ಕೂಗಸ್ತಾರಂತ. ಅದೆಲ್ಲಾ ಸುಳ್ಳು, ಕ್ಷಮಾ ಕೇಳ್ತೇನಿ ಅಂತ ಒಂದ್ ಮಾತ ಹೇಳಸ್ರಿ. ಅಷ್ಟ.”

“ಅದು ಇವರ ದೇಶದ ಪೇಪರ್ ಅಲ್ಲೋ.”

“ಬಿಳಿ ಮಂದಿ ಎಲ್ಲಾ ಒಂದ ಅಲ್ಲೇನ್ರಿ ಸರ?”

“ಹೇಳಲಿಲ್ಲಂದ್ರ?”

“ಯಾಕ ಹೇಳಂಗಿಲ್ರಿ? ನಮ್ಮ ಊರಿಗೆ ಬಂದಾರ, ನಮ್ಮ ಚಾ ಕುಡದಾರ.” ಸೋಮಲಿಂಗ ನಗುತ್ತಿದ್ದ. ಅವನ ಹಿಂದೆ ನಿಂತಿದ್ದವನೊಬ್ಬ ನಗದೆ ಹೋಗಿ ಬಾಗಿಲಿಗೆ ಅಗುಳಿ ಹಾಕಿದ.

ಶಿವಯೋಗಿ ಈಗ ಬಾದಾಮಿಯಲ್ಲಿ ಗೈಡು, ಇರುವುದು ಇಲ್ಲೇ ಪಕ್ಕದ ಬನಹಟ್ಟಿಯಲ್ಲಿ. ಪ್ರವಾಸಿಗರನ್ನು ಗುಹೆಗಳಿಂದ ಆಚೆಗೆ, ಇಲ್ಲಿಯ ಮಗ್ಗಗಳವರೆಗೆ ಕರೆತರುವುದು ಅವನದೇ ಯೋಚನೆ. ಮೊದಲು ಚಳಿಗಾಲವಿಡೀ ಗುಂಪುಗಳು ಬರುತ್ತಿದ್ದವು. ಈ ವರ್ಷ ಒಂದೊಂದಾಗಿ ಬರುವುದಿಲ್ಲವೆಂದವು. ಯಾರೂ ಕಾರಣ ಬಿಡಿಸಿ ಹೇಳಲಿಲ್ಲ. ‘ಈಗಿನ ಪರಿಸ್ಥಿತಿಯಲ್ಲಿ’ ಎಂದು ಸಭ್ಯವಾಗಿ ಬರೆದರು. ಕಿರ್ಸ್ಟೆನ್ ಒಬ್ಬಳು ನೋಡಿಹೋಗಲು ಬಂದಿದ್ದಳು. ಅವಳಿಗೆ ಒಪ್ಪಿಗೆಯಾದರೆ ನೇಯ್ಗೆ ಕಲಿಯುವ ಗೆಳತಿಯರನ್ನೆಲ್ಲ ಜನವರಿಯಲ್ಲಿ ಕರೆತರುವವಳಿದ್ದಳು.

“ನಮ್ಮ ದೇಶದಲ್ಲಿ ನಿಮಗೆ ಏನು ಇಷ್ಟವಾಯಿತು ಅಂತ ಕೇಳುತ್ತಿದ್ದಾರೆ” ಎಂದ ಇಂಗ್ಲಿಷಿನಲ್ಲಿ, ಆದಷ್ಟು ವೇಗವಾಗಿ.

ಕಿರ್ಸ್ಟೆನ್ ಮೊಬೈಲುಗಳ ಕಡೆ ನೋಡಿ ನಿಧಾನವಾಗಿ ಹೇಳಿದಳು. “ನನ್ನ ತಾಯಿ ನೇಯುತ್ತಿದ್ದಳು. ಅವಳು ಸತ್ತ ಮೇಲೆ ಆ ಮಗ್ಗವನ್ನು ನಾನು ಮುಟ್ಟಿರಲಿಲ್ಲ. ಇವತ್ತು ಈ ತಾಯಿ ನನ್ನ ಕೈ ಹಿಡಿದು ನೇಯಿಸಿದಳು. ಊರಿಗೆ ಹೋಗಿ ಮತ್ತೆ ಕೂರುತ್ತೇನೆ.” ಅವಳ ಕಣ್ಣು ತುಂಬಿಬಂತು.

“ಏನಂದ್ರು ಸರ?”

“ಪೇಪರಿನ್ಯಾಗ ಬಂದದ್ದೆಲ್ಲಾ ಸುಳ್ಳು ಅಂದ್ರು. ಕ್ಷಮಾ ಕೇಳಿದ್ರು.”

“ನೋಡಲೇ, ಅಳಾಕತ್ತಾರ” ಎಂದ ಒಬ್ಬ, ಮೆಲ್ಲಗೆ, ಗೌರವದಿಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಿರ್ಸ್ಟೆನ್ ಕೈಮುಗಿದಳು. ತಾನು ಕಲಿಸಿದ ಇಂಗ್ಲಿಷು ಸೋಮಲಿಂಗನಿಗೆ ಹತ್ತಲೇ ಇಲ್ಲವೆಂದು ಶಿವಯೋಗಿಗೆ ಗೊತ್ತಾಯಿತು. ಒಬ್ಬ ಮೇಷ್ಟರಿಗೆ ಅದು ಅಷ್ಟು ನೆಮ್ಮದಿ ಕೊಡಬಾರದಿತ್ತು.

ಮುತ್ತವ್ವ ಮಾತ್ರ ಅವನನ್ನೇ ನೋಡುತ್ತಿದ್ದಳು. “ನನ್ನ ಕೈ ಹಿಡಕೊಂಡು ಕ್ಷಮಾ ಕೇಳಿದಳೇನಪಾ? ನನಗ್ಯಾಕ?”

ಅವನು ಕೇಳಿಸದವನಂತೆ ಚಪ್ಪಲಿ ಮೆಟ್ಟಿದ.

ಕಾರು ಜಮಖಂಡಿ ದಾಟಿ ಮುಧೋಳವನ್ನೂ ದಾಟುವವರೆಗೆ ಅವಳು ಕಿಟಕಿಯ ಹೊರಗಿನ ಕಬ್ಬಿನ ಗಾಡಿಗಳನ್ನು ನೋಡುತ್ತ ಖುಷಿಯಾಗಿದ್ದಳು. ಆಮೇಲೆ ಅವಳ ಮೊಬೈಲು ಸದ್ದು ಮಾಡಿತು. ಊರಿನಿಂದ ಮಗಳು ಒಂದು ವಿಡಿಯೋ ಕಳಿಸಿದ್ದಳು, ಆ ಹುಡುಗರು ತೆಗೆದದ್ದು. ಕಿರ್ಸ್ಟೆನ್ ಎರಡು ಸಲ ನೋಡಿ ಅದನ್ನು ಶಿವಯೋಗಿಯ ಮುಂದೆ ಹಿಡಿದಳು. ಅವಳ ದನಿ ಕೇಳದಂತೆ ಮೇಲೆ ಹಾಡು ಹಾಕಿದ್ದರು. ಕೆಳಗೆ ಇಂಗ್ಲಿಷಿನಲ್ಲಿ, ದೊಡ್ಡ ಅಕ್ಷರಗಳಲ್ಲಿ: ವಿದೇಶಿ ಮಹಿಳೆಯಿಂದ ಕಣ್ಣೀರಿನ ಕ್ಷಮೆ.

“ನಾನು ನನ್ನ ತಾಯಿಯ ವಿಷಯ ಹೇಳಿದೆ” ಎಂದಳು.

“ಹೌದು.”

“ಅವರು ಕೇಳಿದ್ದು ಬೇರೆ.”

“ನಿಮ್ಮನ್ನು ಕಾಪಾಡಬೇಕಿತ್ತು.”

“ಯಾರಿಂದ?”

ನಮ್ಮವರಿಂದ ಎನ್ನಬೇಕಿತ್ತು. ಯಾವ ಭಾಷೆಯಲ್ಲೂ ಆ ಪದ ಬಾಯಿಗೆ ಬರಲಿಲ್ಲ. ಚಾಲಕ ಭೀಮಪ್ಪ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ ಕಣ್ಣು ರಸ್ತೆಗೆ ತಿರುಗಿಸಿದ.

“ನನಗೆ ಹೇಳಿದ್ದರೆ ಇಲ್ಲ ಅನ್ನುತ್ತಿದ್ದೆ. ಆ ಇಲ್ಲ ನನ್ನದಾಗಿರುತ್ತಿತ್ತು” ಎಂದಳು. ಲೋಕಾಪುರದಲ್ಲಿ ಕಾರು ನಿಲ್ಲಿಸಲು ಹೇಳಿದಳು. ಬಾದಾಮಿಯವರೆಗೆ ಭೀಮಪ್ಪ ಒಬ್ಬನೇ ಸಾಕಂತೆ. ಶಿವಯೋಗಿ ಇಳಿದ. ಅವಳು ಸಿಟ್ಟಿನಿಂದೇನೂ ಇರಲಿಲ್ಲ. ಗುರುತಿಲ್ಲದವನಿಗೆ ಮಾಡುವಂತೆ ತಲೆ ಬಾಗಿಸಿದಳು.

ಬನಹಟ್ಟಿಗೆ ಹೋಗುವ ಬಸ್ಸಿನಲ್ಲಿ ಒಬ್ಬ ಎದ್ದು ಸೀಟು ಬಿಟ್ಟುಕೊಟ್ಟ. “ಕುಂದರ್ರಿ ಸರ. ವಿಡಿಯೋದಾಗ ಇದ್ದಾವ್ರು ನೀವ ಅಲ್ಲೇನ್ರಿ?” ಬೇಡವೆನ್ನಲಾಗದೆ ಕೂತ. ಅಷ್ಟರಲ್ಲಿ ಬಾದಾಮಿಯಿಂದ ಟ್ರಾವೆಲ್ಸಿನ ಸಂಜಯನ ಫೋನು.

“ಶಿವಯೋಗಿ, ಭಾಳ ಛಲೋ ಮಾಡಿದಿ ಬಿಡಪಾ. ದೇಶದ ಮಾನ ಉಳಿಸಿದಿ.”

“ಜನವರಿ ಗುಂಪು?”

“ಅದು ಕ್ಯಾನ್ಸಲ್ ಆತು. ಈಗ ಮೇಲ್ ಬಂತು. ಬಿಡು, ಅವ್ರ ಹಣೇಬರಾ.”

ಬನಹಟ್ಟಿಯಲ್ಲಿ ಅವನು ಒಬ್ಬನೇ ಇರುವ ಬಾಡಿಗೆ ಖೋಲಿಯ ಓಣಿಯಲ್ಲಿ ಎರಡೂ ಬದಿ ವಿದ್ಯುತ್ ಮಗ್ಗಗಳು. ಸಂಜೆಯ ಪಾಳಿ ನಡೆದಿತ್ತು. ಆ ಖಟಖಟದಲ್ಲಿ ಮಂದಿ ಕಿರುಚಿಯೇ ಮಾತಾಡಬೇಕು. ಮಗ್ಗದ ಮಾಲೀಕ ಗಿರಮಲ್ಲಪ್ಪ ಅವನನ್ನು ಕಂಡು ಹೊರಗೆ ಬಂದ.

“ಆಕಿ ಖರೇನ ಕ್ಷಮಾ ಕೇಳಿದಳೇನ್ರಿ ಸರ?”

“ಇಲ್ಲ.”

“ಏನ್ರಿ?”

ಶಿವಯೋಗಿ ಕಿರುಚಿದ. “ಇಲ್ಲ! ಆಕಿ ತನ್ನ ಅವ್ವನ ಸುದ್ದಿ ಹೇಳಿದಳು! ಸುಳ್ಳ ಹೇಳಿದಾವ ನಾನು!”

ಗಿರಮಲ್ಲಪ್ಪ ಕಿವಿಗೆ ಕೈ ಹಚ್ಚಿ ಕೇಳಿ, ತಲೆಯಾಡಿಸಿ ನಕ್ಕ. “ಛಲೋ ಆತ್ರಿ, ಛಲೋ ಆತು!” ಎಂದು ಬೆನ್ನು ತಟ್ಟಿದ. ಶಿವಯೋಗಿ ಅವನ ತೋಳು ಹಿಡಿದು, ಇನ್ನೂ ಜೋರಾಗಿ ಹೇಳಲು ಬಾಯಿ ತೆರೆದ.

ಕರೆಂಟು ಹೋಯಿತು.

ಓಣಿಯ ಅಷ್ಟೂ ಮಗ್ಗಗಳು ಒಮ್ಮೆಲೇ ನಿಂತವು. ದೂರದಲ್ಲಿ ಯಾರದೋ ಕೆಮ್ಮು ಕೇಳಿತು. ನೇಕಾರರು ಬೆವರು ಒರೆಸಿಕೊಳ್ಳುತ್ತ ಒಬ್ಬೊಬ್ಬರೇ ಬಾಗಿಲಿಗೆ ಬಂದು ನಿಂತರು.

“ಹಾಂ, ಈಗ ಹೇಳ್ರಿ ಸರ” ಎಂದ ಗಿರಮಲ್ಲಪ್ಪ, ಮೆತ್ತಗೆ. “ಏನಂದ್ರಿ?”

ಸಾಲುಸಾಲು ಬಾಗಿಲುಗಳಿಂದ ಮುಖಗಳು ಅವನ ಬಾಯನ್ನೇ ನೋಡುತ್ತಿದ್ದವು. ಶಿವಯೋಗಿ ಬಾಯಿ ತೆರೆದುಕೊಂಡೇ, ಕರೆಂಟು ಬರುವುದನ್ನು ಕಾಯುತ್ತ ನಿಂತ.