ಅಪ್ಪಣೆಯಿಲ್ಲದ ನೀರು

೧೯೭೯ರ ಬೇಸಿಗೆ. ಬಾಗಲೂರಿನ ಅಂಜಿನಮ್ಮ ಹೆತ್ತು ಎರಡು ದಿನವಾಗಿತ್ತು. ಹೊಸೂರಿನ ಆ ಪುಟ್ಟ ಆಸ್ಪತ್ರೆಯ ಹೆರಿಗೆ ವಾರ್ಡು ಕಾದ ಹೆಂಚಿನಂತಿತ್ತು. ಜ್ವರದ ಮೈಗೆ ಕಂಬಳಿ ಹೊದಿಸಿ, ಕಿವಿಗೆ ಬಟ್ಟೆ ಕಟ್ಟಿ, ಅತ್ತೆ ರಾಮಕ್ಕ ಪಕ್ಕದಲ್ಲೇ ಕಾವಲು ಕುಳಿತಿದ್ದಳು. ನರ್ಸ್ ಅಂಬುಜಮ್ಮ ಕುದಿಸಿ ಆರಿಸಿದ ನೀರನ್ನು ಲೋಟಕ್ಕೆ ಬಗ್ಗಿಸಿದಳು. ರಾಮಕ್ಕ ಅದನ್ನು ಕಿತ್ತುಕೊಂಡು ಕಿಟಕಿಯಾಚೆ ಚೆಲ್ಲಿದಳು.

“ಹಸಿ ಬಾಣಂತಿಗೆ ನೀರಾ? ಹೊಟ್ಟೆ ಊದ್ಕೊಂಬುಟ್ರೆ ನೀನು ಇಳುಸ್ತೀಯ?”

“ಮೈ ಸುಡ್ತಾ ಇದೆ ಅಜ್ಜಿ. ನಾಲಿಗೆ ನೋಡಿ, ಹೇಗೆ ಒಣಗಿದೆ.”

“ಏಳು ಹೆತ್ತೋಳು ನಾನು. ಒಂದು ತೊಟ್ಟು ಕುಡೀದೆ ಇರ್ನಿಲ್ವಾ? ನಿಂಗೆಷ್ಟವ್ವ ಮಕ್ಳು?”

ಪಕ್ಕದ ಮಂಚದ ವೆಂಕಟಲಕ್ಷ್ಮಿ ನಕ್ಕಳು. “ನಮ್ಮತ್ತೇನೂ ಇಂಗೇ ಕಣಕ್ಕ. ಆವಮ್ಮಂಗೆ ಬಾಯಾರಿದ್ರೆ ಮಾತ್ರ ಬಿಂದಿಗೇನೇ ಎತ್ತಿ ಬಾಯಿಗಿಟ್ಕೊಂತಾಳೆ.”

ಅಂಜಿನಮ್ಮ ನಗಲಿಲ್ಲ. ಅವಳ ಕಣ್ಣು ಖಾಲಿ ಲೋಟದ ಮೇಲಿತ್ತು.

ರಾಮಕ್ಕ ನೇರ ಡಾಕ್ಟರ ಕೋಣೆಗೆ ಹೋಗಿ ಅವರನ್ನು ಕರೆತಂದಳು.

“ಸಿಸ್ಟರ್, ನೀರು ಕೊಡಿ ಅಂತ ನಾನು ಹೇಳಿದ್ನಾ?”

“ಇಲ್ಲ ಸಾರ್, ಆದರೆ...”

“ಹಿರಿಯರ ಹತ್ತಿರ ಕ್ಷಮೆ ಕೇಳಿ.”

ಇಡೀ ವಾರ್ಡಿನ ಮುಂದೆ ಅಂಬುಜಮ್ಮ ಕೇಳಿದಳು. ಆಮೇಲೆ ಮೊಗಸಾಲೆಯಲ್ಲಿ ಡಾಕ್ಟರ ಹಿಂದೆಯೇ ನಡೆದಳು. “ನೀರು ಬೇಕೇ ಬೇಕು ಸಾರ್. ನೀವಾದರೂ ಹೇಳಿ.”

“ಅದು ನನಗೆ ಗೊತ್ತಿಲ್ವೇನ್ರೀ? ನಾಳೆ ರೌಂಡ್ಸಿಗೆ ಬಂದಾಗ ಹೇಳ್ತೀನಿ. ಈಗಲೇ ಹೇಳಿದ್ರೆ ನಿಮ್ಮ ಮಾತೇ ನಡೆದ ಹಾಗಾಗುತ್ತೆ. ಆಮೇಲೆ ಇಲ್ಲಿ ನನ್ನನ್ನ ಯಾರು ಕೇಳ್ತಾರೆ? ಅಲ್ಲಿವರೆಗೆ ಏನೂ ಕೊಡಬೇಡಿ.”

ತರಬೇತಿಯಲ್ಲಿ ಅಂಬುಜಮ್ಮ ಎಲ್ಲಕ್ಕಿಂತ ಮೊದಲು ಕಲಿತದ್ದು ವಿಧೇಯತೆ. ಸಂಜೆ ಅಂಜಿನಮ್ಮ ಸೆರಗು ಹಿಡಿದು, “ಅಕ್ಕಾ, ಒಂದೇ ಗುಟುಕು” ಎಂದಾಗ ಅವಳು ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತಿದಳು, ಅಷ್ಟೆ. ಮಗು ಮೊಲೆ ಚೀಪುವ ಹಾಗೆ ತಾಯಿ ಆ ಹತ್ತಿಯನ್ನು ಚೀಪಿದಳು.

ಮರುದಿನ ಡಾಕ್ಟರು ಬರುವಾಗ ಹೊತ್ತು ನೆತ್ತಿಗೇರಿತ್ತು. “ಧಾರಾಳವಾಗಿ ನೀರು ಕುಡಿಸಿ” ಎಂದರು.

ರಾಮಕ್ಕ ಕೈಮುಗಿದಳು. “ನೀವು ಯೋಳಿದ್ಮ್ಯಾಲೆ ಮುಗೀತು ಸ್ವಾಮಿ.”

ಅಷ್ಟರಲ್ಲಿ ಅಂಜಿನಮ್ಮನಿಗೆ ನುಂಗುವ ಶಕ್ತಿಯೂ ಉಳಿದಿರಲಿಲ್ಲ. ಗ್ಲೂಕೋಸ್ ಬಾಟಲಿ ಏರಿಸಿ, ಜೀಪಿನಲ್ಲಿ ಬೆಂಗಳೂರಿಗೆ ಕಳಿಸಿದರು. ಅತ್ತಿಬೆಲೆ ದಾಟುವ ಮೊದಲೇ ಜೀಪು ಅವಳ ಹೆಣ ಹೊತ್ತು ಹಿಂದಿರುಗಿತು. “ಜ್ವರ ಕೈಮೀರಿತ್ತು” ಎಂದರು ಡಾಕ್ಟರು. ಅಂಬುಜಮ್ಮನನ್ನು ಯಾರೂ ಏನೂ ಕೇಳಲಿಲ್ಲ.

ಕೇಳಿದವಳು ರಾಮಕ್ಕ. ಹದಿನೈದು ದಿನ ಕಳೆದು, ಮೇಕೆಹಾಲು ಒಗ್ಗದೆ ಸೊರಗಿದ ಮೊಮ್ಮಗನನ್ನು ತೋರಿಸಲು ಬಂದವಳು, ಬಾಗಿಲಲ್ಲೇ ಅಂಬುಜಮ್ಮನ ಕೈ ಹಿಡಿದಳು.

“ನಾನು ಏನೂ ಅರೀದ ಮುದುಕಿ. ನಿಂಗೆ ತಿಳಿದಿತ್ತಲ್ಲವ್ವಾ! ನಾನು ಬೈದೆ ಅಂತ ಸುಮ್ಕಾಗ್ಬುಟ್ಯಾ?”

ಡಾಕ್ಟರ ಅಪ್ಪಣೆ ಇರಲಿಲ್ಲ ಎಂದು ಹೇಳಬೇಕೆಂದುಕೊಂಡಳು ಅಂಬುಜಮ್ಮ. ಆ ಮಗುವಿನ ಮುಖ ನೋಡಿ, ನೇರ ವಾರ್ಡಿಗೆ ನಡೆದಳು.

ಒಳಗೆ ಅವಲಪಲ್ಲಿಯ ಹೊಸ ಬಾಣಂತಿ ನೀರಿಗೆ ನರಳುತ್ತಿದ್ದಳು. ಅವಳ ತಾಯಿ ಮಂಚಕ್ಕೆ ಅಡ್ಡ ನಿಂತು, “ದೊಡ್ಡ ಡಾಕ್ಟ್ರು ಯೋಳ್ಲಿ, ಆಮ್ಯಾಕೆ ಕೊಡಿ” ಎಂದಳು. ಅಂಬುಜಮ್ಮ ಅವಳನ್ನು ಮೆಲ್ಲಗೆ ಸರಿಸಿ, ಬಾಣಂತಿಯ ತಲೆಯನ್ನು ತೋಳಿನ ಮೇಲೆತ್ತಿಕೊಂಡು ಲೋಟ ಹಿಡಿದಳು.

“ಇದು ಯಾರ ಆರ್ಡರ್?” ಬೆನ್ನ ಹಿಂದೆ ಡಾಕ್ಟರ ದನಿ.

“ನನ್ನದು ಸಾರ್.”

“ಓಹೋ! ಕೃಷ್ಣಗಿರಿಯಾಚೆ ಯಾವುದಾದರೂ ಕಾಡಿಗೆ ಎತ್ತಂಗಡಿ ಮಾಡಿಸ್ತೀನಿ.”

“ಮಾಡಿಸಿ ಸಾರ್. ಇವಳು ಕುಡಿದು ಮುಗಿಸಲಿ.”

ಒಂದಿಷ್ಟು ನೀರು ಬಾಣಂತಿಯ ಗಲ್ಲದ ಮೇಲೆ ಹರಿಯಿತು. ಅಂಬುಜಮ್ಮ ಅದನ್ನು ಸೆರಗಿನಿಂದ ಒರೆಸಿದಳು. ಹಿಂದೆ ತಿರುಗದೆ, ಕೇಳಬೇಕಾದವಳನ್ನೇ ಕೇಳಿದಳು:

“ಇನ್ನೊಂದು ಲೋಟ ಬೇಕೇನಮ್ಮಾ?”